ಮೂಲೆಯ ಸಣ್ಣ ಉರಿ

ಗುರುವಾರ ಬಂತೆಂದರೆ ನನ್ನ ಬೆರಳ ತುದಿಗಳು ನೀಲಿಯಾಗುತ್ತಿದ್ದ ಕಾಲವೊಂದಿತ್ತು. ಶಾಲೆ ಬಿಟ್ಟವಳು ನೇರ ಮನೆಗೆ ಹೋಗದೆ, ಕ್ವೀನ್ಸ್‌ಬರಿಯಲ್ಲಿದ್ದ ಯೆಹೂದಿಗಳ ಪ್ರಾರ್ಥನಾಮಂದಿರದ ಹಿಂಬದಿಯ ಅಡುಗೆಕೋಣೆಗೆ ಹೋಗುತ್ತಿದ್ದೆ. ಅಮ್ಮ ಅಲ್ಲಿ ಕೆಲಸಕ್ಕಿದ್ದಳು. ಅವಳು ಪಾತ್ರೆ ಒರೆಸಿ ಕಪಾಟಿಗೆ ಸೇರಿಸುವವರೆಗೆ ನಾನು ಮೂಲೆಯ ಮೇಜಿನ ಮುಂದೆ ಕೂತು ನೀಲಿ ಕಾಗದ ಮಡಚಬೇಕು. ಆ ಕಾಗದದ ಹೆಸರು 'ಬರುವ ವಾರ'. ಶುಕ್ರವಾರ ಸಂಜೆ ಮೇಣದ ಬತ್ತಿ ಹಚ್ಚುವ ಹೊತ್ತು ಎಷ್ಟು, ಭಾನುವಾರ ಯಾರ ಮೊಮ್ಮಗನ ಸಮಾರಂಭ, ಮಂಗಳವಾರ ಚಹಾ ಮತ್ತು ಹರಟೆ, ಗುರುವಾರ ಹಿರಿಯರ ಊಟ: ಎಲ್ಲ ಅದರಲ್ಲಿರುತ್ತಿತ್ತು. ಬಣ್ಣ ಬಿಡುವ ಅಗ್ಗದ ಕಾಗದ. ಮನೆಗೆ ಹೋಗಿ ಸಾಬೂನು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ನೀಲಿ ಉಳಿಯುತ್ತಿತ್ತು.

ಆ ಕಾಗದವನ್ನು ಟೈಪ್ ಮಾಡುತ್ತಿದ್ದವರು ಮಿಸ್ಟರ್ ಮಾರಿಸ್. ಎಪ್ಪತ್ತು ದಾಟಿದವರು, ಹಿಂದೆ ದರ್ಜಿಯ ಕೆಲಸ ಮಾಡಿದವರು. ಕುರ್ಚಿ ಜೋಡಿಸುವವರು ಅವರೇ, ಬಾರದವರಿಗೆ ಫೋನ್ ಮಾಡಿ ಆರೋಗ್ಯ ವಿಚಾರಿಸುವವರೂ ಅವರೇ. ಆ ಜನರ ಮಕ್ಕಳು ದೂರ ದೂರ ಮನೆ ಮಾಡಿಕೊಂಡು ಹೋಗಿಯಾಗಿತ್ತು. ಉಳಿದವರೆಲ್ಲ ಮಿನಿಬಸ್ಸಿನಲ್ಲಿ ಬಂದು ಇಳಿಯುವ ಮುದುಕ ಮುದುಕಿಯರು. ಗುರುವಾರದ ಊಟವೆಂದರೆ ಅವರಿಗೆ ಉಣ್ಣುವುದಕ್ಕಿಂತ ಹೆಚ್ಚಾಗಿ ಯಾರ್‍ಯಾರು ಇನ್ನೂ ಇದ್ದಾರೆ ಎಂದು ನೋಡಿಕೊಳ್ಳುವ ದಿನ.

ನಮ್ಮಜ್ಜಿ, ಅಪ್ಪನ ತಾಯಿ, ಆ ವರ್ಷ ಕುಂದಾಪುರದಿಂದ ಈ ಪರದೇಶಕ್ಕೆ ಬಂದು ನಮ್ಮ ಜೊತೆಗಿದ್ದಳು. ಅಪ್ಪ ಬೆಳಕು ಹರಿಯುವ ಮೊದಲೇ ಫೆಲ್ಥಮ್ ಕಡೆ ವಿಮಾನದ ಊಟ ಕಟ್ಟುವ ಗೋದಾಮಿಗೆ ಹೋಗುತ್ತಿದ್ದ. ಫ್ಲ್ಯಾಟಿನಲ್ಲಿ ಒಬ್ಬಳೇ ಕೂತು ಕೂತು ಅಜ್ಜಿಗೆ ಸಾಕಾಗಿತ್ತು. "ಗ್ವಾಡಿ ಒಟ್ಟಿಗೆ ಎಷ್ಟ್ ಮಾತಾಡುದ್? ನಾನೂ ಬತ್ತೆ, ತರಕಾರಿಯಾದ್ರೂ ಹೆಚ್ಚಿ ಕೊಡ್ತೆ" ಎಂದು ಅಮ್ಮನ ಹಿಂದೆ ಹೊರಟಳು.

ಮೊದಲ ದಿನವೇ ಎಡವಟ್ಟಾಯಿತು. ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ಅಜ್ಜಿ ಬೆಳಗ್ಗೆ ಎದ್ದು ಡಬ್ಬಿ ತುಂಬ ಸಿಹಿಗಡುಬು ಮಾಡಿಕೊಂಡು ಹೋಗಿದ್ದಳು. ಮಿಸ್ಟರ್ ಮಾರಿಸ್ ಬಾಗಿಲಲ್ಲೇ ನಿಂತು, ಎರಡೂ ಕೈ ಎದೆಗಿಟ್ಟುಕೊಂಡು, ಹೊರಗಿನ ಅಡುಗೆ ಒಳಗೆ ತರುವಂತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ ಎಂದರು. ಅಜ್ಜಿಯ ಮುಖ ಸಣ್ಣದಾಯಿತು. ಡಬ್ಬಿಯನ್ನು ಕೋಟಿನ ಕೆಳಗೆ ಮುಚ್ಚಿಟ್ಟು ಈರುಳ್ಳಿ ಸುಲಿಯುತ್ತ ಕೂತಳು. ಕೂತವಳು ಸುಮ್ಮನೆ ನೋಡಿದಳು. ಎರಡು ಸಿಂಕು. ಹಾಲಿನ ಪಾತ್ರೆಗೆ ಒಂದು, ಮಾಂಸದ ಪಾತ್ರೆಗೆ ಒಂದು. ಒರೆಸುವ ಬಟ್ಟೆಯೂ ಬೇರೆ, ನೀಲಿ ಒಂದು, ಕೆಂಪು ಒಂದು. ಚಮಚ ಅದಲುಬದಲಾದರೆ ಅಮ್ಮ ಬೆಚ್ಚಿ ಬೀಳುವುದು. ಮಧ್ಯಾಹ್ನದ ಹೊತ್ತಿಗೆ ಅಜ್ಜಿಯ ಸಿಟ್ಟೆಲ್ಲ ಇಳಿದಿತ್ತು. ಅಮ್ಮನನ್ನು ಹತ್ತಿರ ಕರೆದಳು.

"ಸರೋಜ, ಇವ್ರದ್ದೂ ಮಡಿಯೇ ಅಲ್ದಾ ಮಾರಾಯ್ತಿ? ಮೊದ್ಲೇ ಹೇಳುಕೆ ಎಂತ ಆಯ್ತ್ ನಿಂಗೆ? ನಾನ್ ಸುಮ್ನೆ ಬೇಜಾರ್ ಮಾಡ್ಕಂಡೆ."

ಅಂದಿನಿಂದ ಆ ಜಾಗಕ್ಕೆ ಅಜ್ಜಿಯ ಹೆಸರು 'ಯೆಹೂದಿ ಮಠ'. ಮಿಸ್ಟರ್ ಮಾರಿಸ್ ಅವರಿಗೆ 'ಒಲಿ ಭಟ್ರು'. ಈ ಹೆಸರಿಗೂ ಕಾರಣವಿತ್ತು. ಅಡುಗೆ ಅಮ್ಮನೇ ಮಾಡಿದರೂ ಒಲೆ ಹಚ್ಚುವವರು ಅವರ ಜನರೇ ಆಗಿರಬೇಕು. ಹಾಗಾಗಿ ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಮಿಸ್ಟರ್ ಮಾರಿಸ್ ಬಂದು, ಟೋಪಿ ಸರಿಮಾಡಿಕೊಂಡು, ಒಂದೇ ಒಂದು ಕಡ್ಡಿ ಗೀರಿ ಮೂಲೆಯ ಸಣ್ಣ ಗ್ಯಾಸ್ ಒಲೆ ಹಚ್ಚುತ್ತಿದ್ದರು. ಸುಟ್ಟ ಕಡ್ಡಿಯನ್ನು ಗಂಟಲಿನ ಗುಳಿಗೆಯ ಖಾಲಿ ಡಬ್ಬಿಯೊಂದಕ್ಕೆ ಹಾಕಿ ಮುಚ್ಚಿ, ಸಂಜೆ ಹೋಗುವಾಗ ಅದನ್ನು ಬರಿದು ಮಾಡುತ್ತಿದ್ದರು. ಆ ಸಣ್ಣ ಉರಿ ಅಡುಗೆ ಮುಗಿಯುವವರೆಗೆ ಉರಿಯುತ್ತಲೇ ಇರುತ್ತಿತ್ತು. ಅಮ್ಮ ಹಳೆಯ 'ಬರುವ ವಾರ'ದ ಕಾಗದವನ್ನು ಸುರುಳಿ ಮಾಡಿ ಅದರಿಂದಲೇ ಬೆಂಕಿ ತೆಗೆದು ಉಳಿದ ಒಲೆಗಳಿಗೆ ಹಚ್ಚುತ್ತಿದ್ದಳು. ಕಳೆದ ವಾರದ ಕಾರ್ಯಕ್ರಮಗಳೆಲ್ಲ ಹಾಗೆ ಈ ವಾರದ ಸಾರಿನ ಕೆಳಗೆ ಹೋಗುತ್ತಿದ್ದವು.

ನಾನು ಹೇಳಹೊರಟದ್ದು ಆ ವರ್ಷದ ಶರತ್ಕಾಲದ ಒಂದು ಗುರುವಾರದ ಮಾತು.

ಆಗ ಅವರ ಚಪ್ಪರದ ಹಬ್ಬ ನಡೆಯುತ್ತಿತ್ತು. ಅಂಗಳದಲ್ಲಿ ಹಲಗೆಯ ಗೋಡೆ ನಿಲ್ಲಿಸಿ, ಮೇಲೆ ಸೊಪ್ಪಿನ ಕೊಂಬೆ ಹೊದಿಸಿ, ಎಲೆಯ ಸಂದಿಯಲ್ಲಿ ಆಕಾಶ ಕಾಣುವ ಹಾಗೆ ಕಟ್ಟಿ, ಒಂದು ವಾರ ಅದರಡಿಯಲ್ಲೇ ಉಣ್ಣುವುದು. ಅಜ್ಜಿಗೆ ಇದೇನೂ ವಿಚಿತ್ರ ಅನಿಸಲಿಲ್ಲ. "ಮದಿ ಮನಿ ಚಪ್ಪರ ಕಂಡಾಂಗ್ ಇತ್ತ್. ವಾಲಗ ಒಂದ್ ಇಲ್ಲ" ಎಂದಳು. ಮಿಸ್ಟರ್ ಮಾರಿಸ್ ಹಬ್ಬದ ಪ್ರಾರ್ಥನೆಗೆಂದು ಹತ್ತಿಯಲ್ಲಿ ಸುತ್ತಿಟ್ಟಿದ್ದ ಹಳದಿ ಹಣ್ಣೊಂದನ್ನು ಅವಳ ಮುಂದೆ ಹಿಡಿದರು. ಅಜ್ಜಿ ಮೂಸಿ ನೋಡಿ ಕಣ್ಣರಳಿಸಿದಳು. ಮಾದಳದ ಹಣ್ಣು! ಅವಳ ತವರಿನ ಬಾವಿಕಟ್ಟೆಯ ಹತ್ತಿರ ಅದರ ಗಿಡವಿತ್ತಂತೆ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಆ ಇಬ್ಬರು ಮುದುಕರು ಹಣ್ಣನ್ನು ಅತ್ತಿತ್ತ ಮಾಡಿ ಮೂಸುತ್ತ ನಿಂತದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆ ಗುರುವಾರ ಚಪ್ಪರದಡಿ ದೊಡ್ಡ ಊಟ. ಬೇರೆ ಕಡೆಗೆ ಮನೆ ಬದಲಿಸಿದವರೂ ಬರುವವರಿದ್ದರು. ನನ್ನ ಶಾಲೆಯಲ್ಲಿ ಬಾಯ್ಲರ್ ಕೆಟ್ಟು ರಜೆ. ಒಂಬತ್ತು ವರ್ಷದ ನಾನೂ ಅಮ್ಮ ಅಜ್ಜಿಯ ಜೊತೆ ಬೆಳಗ್ಗೆಯೇ ಹೋಗಿದ್ದೆ. ಒಂದು ಒಲೆಯ ಮೇಲೆ ಬಾರ್ಲಿ ಸೂಪು ಕುದಿಯುತ್ತಿತ್ತು. ಈರುಳ್ಳಿ ಬೆಣ್ಣೆಯಲ್ಲಿ ಕೆಂಪಗಾಗಿ ಕೋಣೆ ತುಂಬ ಅದರದೇ ಘಮ. ಮೀನು ಹಿಂದಿನ ದಿನವೇ ತಯಾರಾಗಿತ್ತು. ಒಂದು ಮೂಟೆ ಆಲೂಗಡ್ಡೆಯನ್ನು ಅಜ್ಜಿ ಆಗಷ್ಟೇ ಹೆರೆದು ಮುಗಿಸಿ ಸಿಪ್ಪೆ ಹಾಕಲು ಆಚೆ ಹೋಗಿದ್ದಳು. ಅಮ್ಮ ಅದನ್ನು ತೊಳೆಯಲು ಸಿಂಕಿನ ಕಡೆ ತಿರುಗಿದ್ದಳು. ಚಪ್ಪರಕ್ಕೆ ಬಣ್ಣದ ಕಾಗದದ ಸರಪಳಿ ಕಟ್ಟುವ ಉತ್ಸಾಹದಲ್ಲಿ ನಾನು ಹಿತ್ತಿಲ ಬಾಗಿಲನ್ನು ಹಾರು ಹೊಡೆದು ಹೊರಗೋಡಿದೆ. ಕತ್ತರಿ ಮರೆತು ವಾಪಸು ಬಂದೆ. ಬಾಗಿಲು ತೆರೆದೇ ಇತ್ತು. ಗಾಳಿ ಬೀಸುತ್ತಿತ್ತು.

ಮೂಲೆಯ ಸಣ್ಣ ಉರಿ ಇರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಅಜ್ಜಿ ನನ್ನನ್ನು ಬೆಳೆಸಿದ ರೀತಿಯೇ ಹಾಗೆ. ದೇವರ ದೀಪ ಆರಿತು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅದು ಅಪಶಕುನದ ಮಾತು. ನಂದಿದ್ದನ್ನು ಮೊದಲು ಯಾರು ಕಂಡರೋ ಅವರು ಸದ್ದಿಲ್ಲದೆ, ಎರಡನೆಯವರ ಕಣ್ಣಿಗೆ ಬೀಳುವ ಮೊದಲು, ಮತ್ತೆ ಹಚ್ಚಿಬಿಡಬೇಕು. ನಮ್ಮ ಫ್ಲ್ಯಾಟಿನ ಕಪಾಟಿನೊಳಗಿನ ದೇವರಿಗೆ ನಾನು ಎಷ್ಟೋ ಸಲ ಹಾಗೆ ಹಚ್ಚಿ, ಅಜ್ಜಿಯಿಂದ ಬೆನ್ನು ತಟ್ಟಿಸಿಕೊಂಡಿದ್ದೆ. ಮಿಸ್ಟರ್ ಮಾರಿಸ್ ಒಲೆ ಹಚ್ಚುವುದನ್ನು ಬೇಸಿಗೆ ರಜೆಯಲ್ಲಿ ನೋಡಿದ್ದೆ. ಅವರೇ ಏಕೆ ಹಚ್ಚಬೇಕೆಂದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಹಬ್ಬದ ದಿನ, ದೇವಸ್ಥಾನದಂಥ ಜಾಗ, ಆರಿದ ಬೆಂಕಿ. ನನಗೆ ಗೊತ್ತಿದ್ದದ್ದು ಒಂದೇ ದಾರಿ. ಬಾಗಿಲು ಮುಚ್ಚಿದೆ, ಅವರದೇ ಪೆಟ್ಟಿಗೆಯಿಂದ ಕಡ್ಡಿ ತೆಗೆದು ಗೀರಿದೆ. ಭುಸ್ಸೆಂದು ನೀಲಿ ಉರಿ ಎದ್ದಿತು. ಸುಟ್ಟ ಕಡ್ಡಿಯನ್ನು ಅವರ ಹಾಗೆಯೇ ಡಬ್ಬಿಗೆ ಹಾಕಿ ಮುಚ್ಚಿದೆ. ಒಳ್ಳೆಯ ಕೆಲಸ ಮಾಡಿದ ಹೆಮ್ಮೆಯಲ್ಲಿ ಕತ್ತರಿ ಎತ್ತಿಕೊಂಡು ಹೊರಗೆ ಹೋದೆ. ನನ್ನ ಹಿಂದೆಯೇ ಅಮ್ಮ ಸುರುಳಿ ಕಾಗದಕ್ಕೆ ಬೆಂಕಿ ತೆಗೆದು ಆಲೂಗಡ್ಡೆಯ ಹಂಡೆಯ ಕೆಳಗೆ ಹಚ್ಚಿದ್ದಳು.

ಹನ್ನೆರಡರ ಸುಮಾರಿಗೆ ಅಜ್ಜಿ ನನ್ನನ್ನು ಒಳಗೆ ಕರೆದಳು. ಮೇಜು ಒರೆಸುವಾಗ ಗುಳಿಗೆಯ ಡಬ್ಬಿ ಕೈತಾಗಿ ಕೆಳಗೆ ಬಿದ್ದು ಬಾಯಿ ತೆರೆದುಕೊಂಡಿತ್ತು. ಅಂಗೈಯಲ್ಲಿ ಎರಡು ಸುಟ್ಟ ಕಡ್ಡಿ ಹಿಡಿದು ನಿಂತಿದ್ದಳು.

"ಒಲಿ ಭಟ್ರು ಒಂದೇ ಕಡ್ಡಿ ಗೀರುದ್. ಇದ್ ಎರಡ್ನೇದ್ ಹ್ಯಾಂಗ್ ಬಂತ್ ಮಗಾ?"

ಬೈಗುಳವಿಲ್ಲದ ಪ್ರಶ್ನೆ. ಶಹಭಾಸ್ ಸಿಗುತ್ತದೆಂದು ನಾನು ನಡೆದದ್ದನ್ನೆಲ್ಲ ಹೇಳಿದೆ. ಅಮ್ಮನ ಕೈಯಲ್ಲಿದ್ದ ಜಾಲರಿ ಸೌಟು ಹಾಗೇ ನಿಂತಿತು. ಬೆಂದ ಆಲೂಗಡ್ಡೆ ಆಗಲೇ ಬೋಗುಣಿಗಳಲ್ಲಿ ಹಬೆಯಾಡುತ್ತಿತ್ತು. ಅರ್ಧ ಗಂಟೆಯಲ್ಲಿ ಮಿನಿಬಸ್ಸು ಬರುವುದಿತ್ತು.

"ಇದ್ ನಂ ಬೆಂಕಿ ಆಯ್ತಲೆ ಹಂಗಾರೆ" ಎಂದಳು ಅಜ್ಜಿ. "ಭಟ್ರದ್ದಲ್ಲ."

ಅಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅತ್ತೆ, ದಮ್ಮಯ್ಯ, ಸುಮ್ನಿರಿ. ಯಾರೂ ಕಾಣ್ಲಿಲ್ಲ. ಆಲೂಗಡ್ಡಿಗೆ ಬಾಯಿ ಇತ್ತಾ? ಇದ್ ಹೇಳ್ರೆ ನನ್ ಕೆಲ್ಸ ಹೋತ್ತ್. ಎಷ್ಟ್ ತಿರ್ಗಿ ಸಿಕ್ಕಿದ್ ಕೆಲ್ಸ ಅಂದೇಳಿ ನಿಮಗೂ ಗೊತ್ತಿತ್ತ್."

"ಗೊತ್ತಿತ್ತ್."

"ಮತ್ತೆ?"

ಅಜ್ಜಿ ಸ್ಟೂಲಿನ ಮೇಲೆ ಕೂತಳು. ಅವಳು ಜೋರಾಗಿ ಮಾತಾಡುವವಳಲ್ಲ. "ಏಕಾದಶಿ ದಿನ ಯಾರಾರೂ ನಂಗೆ ಅಕ್ಕಿ ಹಿಟ್ಟ್ ಬೆರ್ಸಿದ್ ಪಾಯ್ಸ ಕೊಟ್ಟ್, ಸುಮ್ನೆ ನಿಂತ್ ಕಂಡ್ರೆ ಹ್ಯಾಂಗಾತ್ತ್ ಸರೋಜ? ನಂಗೆ ಹೊಟ್ಟಿನೋವ್ ಬತ್ತಿಲ್ಲ. ನಂಗೆ ಗೊತ್ತೂ ಆತ್ತಿಲ್ಲ. ಕೊಟ್ಟವ್ಳಿಗ್ ಗೊತ್ತಿರತ್ತಲೆ. ಆ ಮುದ್ಕ ನಮ್ಮನ್ ನಂಬಿ ಒಲಿ ಬಿಟ್ಟ್ ಹೋಯಿದ."

ಅಮ್ಮ ಜಾಲರಿ ಸೌಟನ್ನು ಸಿಂಕಿಗೆ ಹಾಕಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, "ಎಂತಾರೂ ಮಾಡ್ಕಣಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬರೀ ಸುಸ್ತು. ಆ ಸುಸ್ತು ಏನೆಂದು ನನಗೆ ಈಗ ಅರ್ಥವಾಗುತ್ತದೆ. ಅಂದು ಹೆದರಿಕೆಯಾಯಿತು ಅಷ್ಟೆ.

ಅಜ್ಜಿ ನನ್ನ ಕೈ ಹಿಡಿದುಕೊಂಡು ಚಪ್ಪರದ ಕಡೆ ಹೊರಟಳು. ದಾರಿಯಲ್ಲಿ ಹೇಳಿಕೊಟ್ಟಳು: "ನಾನ್ ಹೇಳ್ತೆ, ನೀನ್ ಅವ್ರ್ ಭಾಷೆಂಗ್ ಹೇಳ್. ನಾನ್ ಎಂತ ಹೇಳ್ತ್ನೋ ಅಷ್ಟೇ. ಹೆಚ್ಚಿಗೆ ಒಂದ್ ಮಾತ್ ಸೇರ್ಸುಕಾಗ."

ಮಿಸ್ಟರ್ ಮಾರಿಸ್ ಮೇಜುಗಳ ಮೇಲೆ ಕಾಗದದ ಹಾಸು ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಸೇಬು ಇಡುತ್ತಿದ್ದರು. ನಮ್ಮನ್ನು ಕಂಡು ನಕ್ಕರು. ಅಜ್ಜಿ ಅಂಗೈ ಬಿಚ್ಚಿ ಎರಡು ಕಡ್ಡಿ ತೋರಿಸಿದಳು. ಆಮೇಲೆ ನೆಟ್ಟಗೆ ಅವರ ಮುಖ ನೋಡಿ ಹೇಳಿದಳು:

"ಭಟ್ರೆ, ಸಣ್ಣ ಒಲಿ ಗಾಳಿಗೆ ಆರಿತ್. ಮತ್ತೆ ಹಚ್ಚಿದ್ ನಾನ್. ತಪ್ಪಾಯ್ತ್. ಸೊಸಿದ್ ಎಂತ ತಪ್ಪಿಲ್ಲ. ಆಲೂಗಡ್ಡಿ ನೀವ್ ಉಣ್ಣುಕಾಗ."

ನಾನು ಬೆಪ್ಪಾಗಿ ಅಜ್ಜಿಯನ್ನು ನೋಡಿದೆ. ಏಕಾದಶಿಯ ದಿನ ತಿಳಿಯದೆ ಬಾಯಿಗೆ ಹಾಕಿದ ಒಂದು ಅಕ್ಕಿಕಾಳನ್ನೂ ಉಗಿದು ಬರುವವಳು, ಆರಿತು ಎಂಬ ಮಾತನ್ನೇ ಆಡದವಳು, ಹಬ್ಬದ ಚಪ್ಪರದ ಕೆಳಗೆ ನಿಂತು ಆರಿತು ಎಂದೂ ಅಂದಳು, ಸುಳ್ಳೂ ಹೇಳಿದಳು. ನನ್ನ ಭುಜದ ಮೇಲೆ ಅವಳ ಕೈಯಿತ್ತು. ಆ ಕೈಯಲ್ಲಿ ಈರುಳ್ಳಿಯ ವಾಸನೆ. ಮಿಸ್ಟರ್ ಮಾರಿಸ್ ನನ್ನ ಬಾಯಿಂದ ಬರುವ ಮಾತಿಗೆ ಕಾಯುತ್ತಿದ್ದರು.

ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಸಣ್ಣ ಒಲೆ ಆರಿತ್ತು. ನಾನು ಹಚ್ಚಿದೆ. ಅಮ್ಮನಿಗೆ ಗೊತ್ತಿರಲಿಲ್ಲ. ಆಲೂಗಡ್ಡೆ ನೀವು ಉಣ್ಣಬಾರದು."

ಅವರು ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಅಜ್ಜಿ ತಲೆಯಾಡಿಸಿದಳು. ನನ್ನ ಮಾತಿಗೆ ಸಾಕ್ಷಿ ಹೇಳುವಂತೆ! ಮಿಸ್ಟರ್ ಮಾರಿಸ್ ಕೈಲಿದ್ದ ಸೇಬನ್ನು ಅಂಗಿಗೆ ಒರೆಸಿ ಮೇಜಿನ ಮೂಲೆಗಿಟ್ಟರು.

"ಸೂಪು?"

"ಅದು ನೀವು ಬೆಳಗ್ಗೆ ಹಚ್ಚಿದ ಬೆಂಕಿ. ಅದು ಆರಲಿಲ್ಲ."

"ಸರಿ. ಹಾಗಾದರೆ ಸೂಪಿದೆ, ಮೀನಿದೆ, ಬ್ರೆಡ್ಡಿದೆ. ಯಾರೂ ಸಾಯುವುದಿಲ್ಲ." ಮೊಣಕಾಲಿಗೆ ಕೈಯೂರಿ ನನ್ನ ಎತ್ತರಕ್ಕೆ ಬಗ್ಗಿದರು. "ಕೇಳು. ಬೆಂಕಿ ಎಂದ ಮೇಲೆ ಆರುತ್ತದೆ. ಆರಿದಾಗ ನನ್ನನ್ನು ಕರಿ. ಅಂಗಳ ದಾಟಿ ಬರಲು ನನಗೆ ಎಷ್ಟು ಹೊತ್ತು?"

ಅಷ್ಟೇ. ಅವರ ಕಾಲುನೋವಿಗೆ ಅಂಗಳ ದಾಟಲು ಬಹಳ ಹೊತ್ತೇ ಬೇಕಾಗುತ್ತಿತ್ತು, ಅದು ಬೇರೆ ಮಾತು.

ಊಟಕ್ಕೆ ಎಲ್ಲರೂ ಕೂತ ಮೇಲೆ ಅವರೇ ಎದ್ದು ನಿಂತು, ಇಂದು ಆಲೂಗಡ್ಡೆ ಇಲ್ಲ, ಒಲೆಯನ್ನು ತಾವು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದರು. ಮೂಲೆಯಲ್ಲಿ ಕೂತಿದ್ದ ಮುದುಕಿಯೊಬ್ಬರು ಎಲ್ಲರಿಗೂ ಕೇಳುವಂತೆ ಗೊಣಗಿದರು: "ಎರಡು ಬಸ್ಸು ಹಿಡಿದು ಬಂದಿದ್ದೇನೆ ಮಾರಿಸ್. ಎಲೆ ನೋಡುವುದಕ್ಕಾ?"

"ಎಲೆ ನೋಡು, ನನ್ನನ್ನೂ ನೋಡು. ಎರಡೂ ಬೇಗ ಉದುರುವಂಥವು" ಎಂದರು ಮಿಸ್ಟರ್ ಮಾರಿಸ್. ಆ ಮುದುಕಿಯೂ ನಕ್ಕರು. ಅಡುಗೆಕೋಣೆಯ ಕಿಟಕಿಯಲ್ಲಿ ನಿಂತು ಕೇಳುತ್ತಿದ್ದ ಅಮ್ಮ ಗೋಡೆಗೆ ಒರಗಿ ಉಸಿರು ಬಿಟ್ಟಳು. ಅವಳ ಕೆಲಸ ಉಳಿದಿತ್ತು.

ಸಂಜೆ ಆಲೂಗಡ್ಡೆಯನ್ನು ಚೀಲಗಳಲ್ಲಿ ತುಂಬಿಕೊಂಡು ಬಸ್ಸು ಹತ್ತಿದೆವು. ಮೂವರ ಮಡಿಲಲ್ಲೂ ಭಾರದ ಚೀಲ. ಅಮ್ಮ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಅಜ್ಜಿ ನನ್ನ ಕಡೆ ವಾಲಿ ಕೇಳಿದಳು:

"ನಾನ್ ಹೇಳಿದ್ ಅಷ್ಟೇ ಹೇಳ್ದ್ಯಲ್ದಾ?"

"ಹೌದಜ್ಜಿ. ಅಷ್ಟೇ."

"ಹ್ಞೂಂ" ಎಂದು ಸೊಂಟದಿಂದ ಪೆಪ್ಪರ್‌ಮಿಂಟ್ ತೆಗೆದು ಕೊಟ್ಟಳು. ಅದು ಬಾಯಲ್ಲಿ ಕರಗುವವರೆಗೂ ನಾನು ಅವಳ ಮುಖ ನೋಡಲಿಲ್ಲ. ಚಪ್ಪರದಡಿ ನಿಜ ಹೇಳಿ ಬಂದವಳು ಬಸ್ಸಿನಲ್ಲಿ ಸುಳ್ಳು ಹೇಳಿದ್ದೆ.

ಮುಂದಿನ ಮೂರು ದಿನ ನಮ್ಮ ಮನೆಯಲ್ಲಿ ಆಲೂಗಡ್ಡೆಯ ಪಲ್ಯ, ಆಲೂಗಡ್ಡೆಯ ಬೋಂಡ, ಆಲೂಗಡ್ಡೆಯ ಮೊಸರುಗೊಜ್ಜು. ಗೋದಾಮಿನಿಂದ ಬಂದ ಅಪ್ಪ ತಟ್ಟೆ ನೋಡಿ, "ಇವತ್ತೂ ಅದೇಯಾ? ಆ ಮಠದವ್ರ್ ಆಲೂಗಡ್ಡಿ ಬೆಳಿತ್ರಾ ಹ್ಯಾಂಗೆ?" ಎನ್ನುತ್ತಿದ್ದ. ಅವನಿಗೆ ಯಾರೂ ಏನೂ ಹೇಳಲಿಲ್ಲ.

ಮುಂದಿನ ವಾರ ಮಿಸ್ಟರ್ ಮಾರಿಸ್ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಬಗ್ಗಿಸಿ ಸಣ್ಣ ಒಲೆಗೆ ಗಾಳಿಯ ಮರೆ ಕಟ್ಟಿದರು. ಅಜ್ಜಿ ತನ್ನ ಸುಳ್ಳನ್ನು ಅವರು ನಂಬಿದ್ದಾರೆಂದು ತಿಳಿದು, ಅವರ ಎದುರು ಸ್ವಲ್ಪ ತಲೆ ತಗ್ಗಿಸಿಯೇ ಇರುತ್ತಿದ್ದಳು. ಮೊಮ್ಮಗಳನ್ನು ನಿಜ ಹೇಳಲು ಕೈಹಿಡಿದು ಕರೆತಂದ ಹೆಂಗಸೆಂದು ಅವರು ಅವಳಿಗೆ ಟೋಪಿ ಮುಟ್ಟಿ ವಂದಿಸುತ್ತಿದ್ದರು. ಇಬ್ಬರ ನಡುವೆ ಮಾತು ದಾಟಿಸುತ್ತಿದ್ದವಳು ನಾನೊಬ್ಬಳೇ. ಈ ಒಂದು ಮಾತನ್ನು ಮಾತ್ರ ದಾಟಿಸಲಿಲ್ಲ. ಅಜ್ಜಿ ಇಲ್ಲೇ ಆಸ್ಪತ್ರೆಯಲ್ಲಿ ಕೊನೆಯ ವಾರಗಳನ್ನು ಕಳೆಯುವಾಗ ಹೇಳಬೇಕೆಂದುಕೊಂಡೆ. ನಾಳೆ ಹೇಳೋಣ ಎಂದು ಎರಡು ಸಲ ಎದ್ದು ಬಂದೆ. ಆಮೇಲೆ ಆ ನಾಳೆಯೂ ಇರಲಿಲ್ಲ.

ಮಿಸ್ಟರ್ ಮಾರಿಸ್ ಹೋಗಿ ಈಗ ಬಹಳ ವರ್ಷವಾಯಿತು. ಅವರ ಮಂದಿರದ ಬಳಗ ಬೇರೆ ದೊಡ್ಡ ಮಂದಿರದೊಂದಿಗೆ ಸೇರಿಹೋಯಿತು. ಆ ಕಟ್ಟಡ ಇದ್ದಲ್ಲಿ ಫ್ಲ್ಯಾಟುಗಳು ಎದ್ದಿವೆ. ಚಪ್ಪರ ಕಟ್ಟುತ್ತಿದ್ದ ಅಂಗಳದಲ್ಲಿ ಕಾರು ನಿಲ್ಲುತ್ತವೆ. ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯುವಾಗ ಆ ದಾರಿಯಲ್ಲೇ ಹೋಗುತ್ತೇವೆ. ಅಮ್ಮ ಒಂದೊಂದು ದಿನ, "ಆವತ್ತ್ ಎಷ್ಟ್ ಹೆದ್ರಿದ್ದೆ ಮಗಾ" ಎನ್ನುತ್ತಾಳೆ. ಒಂದೊಂದು ದಿನ ಅವಳಿಗೆ ಅದು ನೆನಪಾಗುವುದಿಲ್ಲ.

'ಬರುವ ವಾರ'ವನ್ನು ಈಗ ನಾನು ಬರೆಯುತ್ತೇನೆ. ನಮ್ಮ ಕನ್ನಡದವರ ಬಳಗಕ್ಕೆ, ಫೋನಿನಲ್ಲಿ. ಪಿನ್ನರ್‌ನಲ್ಲಿ ಬಾಡಿಗೆಗೆ ಹಿಡಿದ ಹಾಲ್, ಯುಗಾದಿಯ ಊಟ, ಮಕ್ಕಳ ಹಾಡು, ದಯವಿಟ್ಟು ಬನ್ನಿ. ಓದಿದ ಗುರುತಿಗೆ ಹೆಬ್ಬೆರಳಿನ ಚಿತ್ರಗಳು ಸಾಲಾಗಿ ಬರುತ್ತವೆ. ಅಷ್ಟು ಜನ ಬರುವುದಿಲ್ಲ. ಬಂದವರಲ್ಲಿ ಅರ್ಧ ಜನ ಊಟ ಕಟ್ಟಿಸಿಕೊಂಡು ಹೊರಡುವ ಅವಸರದಲ್ಲಿರುತ್ತಾರೆ. ಊಟ ಎಲ್ಲಿಂದಲೋ ಬೆಂದು ತಟ್ಟೆಗಳಲ್ಲಿ ಬರುತ್ತದೆ. ಅದನ್ನು ಯಾರು, ಯಾವ ಬೆಂಕಿಯಲ್ಲಿ ಬೇಯಿಸಿದರೆಂದು ಕೇಳುವವರಿಲ್ಲ. ಕುರ್ಚಿ ಮಡಚುವಾಗ ಸೊಂಟ ಹಿಡಿದುಕೊಂಡು, ಇನ್ನೊಂದು ವರ್ಷ ಮಾಡಿ ಬಿಟ್ಟುಬಿಡೋಣ ಎಂದುಕೊಳ್ಳುತ್ತೇನೆ. ಹೀಗೆ ಅಂದುಕೊಳ್ಳುತ್ತಲೇ ಕೆಲವು ವರ್ಷ ಕಳೆದಿದೆ.

ಆ ಹಾಲ್‌ನಲ್ಲಿ ಬೆಂಕಿ ಹಚ್ಚುವಂತಿಲ್ಲ. ಹೊಗೆಯ ಅಲಾರಂ ಕೂಗುತ್ತದೆಂದು ಬಾಗಿಲಲ್ಲೇ ಬರೆದು ಹಾಕಿದ್ದಾರೆ. ಹಾಗಾಗಿ ದೇವರ ಪಟದ ಮುಂದೆ ಬ್ಯಾಟರಿಯ ದೀಪ ಇಡುತ್ತೇವೆ. ಗುಂಡಿ ಒತ್ತಿದರೆ ಹಳದಿಯಾಗಿ ಅಲುಗಾಡುತ್ತದೆ, ನಿಜವಾದ ಉರಿಯಂತೆಯೇ. ಬಾಗಿಲು ಎಷ್ಟು ಸಲ ತೆರೆದರೂ, ಎಂಥ ಗಾಳಿ ಬೀಸಿದರೂ ಅದು ಆರುವುದಿಲ್ಲ. ಯಾರನ್ನೂ ಕರೆಯಬೇಕಾಗಿಲ್ಲ.